ಅರ್ಜಿಗೆ ಮೊದಲೇ ವಿನ್ಯಾಸದ ಹಕ್ಕು ವರ್ಗಾಯಿಸುವುದು ಹೇಗೆ: ಕೊಡಗಿನ ತಯಾರಕರಿಗೆ ಸಮಗ್ರ ಮಾರ್ಗದರ್ಶಿ

ಹೊಸ ರೂಪದ ವಸ್ತುವೊಂದು ಹುಟ್ಟುವಾಗ ಅದರ ಹಿಂದೆ ಒಬ್ಬರೇ ಇರುವುದು ಅಪರೂಪ. ವಿರಾಜಪೇಟೆಯ ಒಬ್ಬ ಗೃಹಿಣಿ ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಒರಳಿಗೆ ಹೊಸ ಆಕಾರ ಯೋಚಿಸುತ್ತಾರೆ ಎಂದುಕೊಳ್ಳಿ. ಕಾಲುಗಳು ಕಾಫಿ ಗಿಡದ ಕಾಂಡದಂತೆ ಬಾಗಿರಬೇಕು, ಹಿಡಿಗಳ ತುದಿ ಮೆಣಸಿನ ಗೊನೆಯಂತೆ ಇಳಿಬಿದ್ದಿರಬೇಕು ಎಂದು ಕಾಗದದ ಮೇಲೆ ಗೀಚುತ್ತಾರೆ. ಗೋಣಿಕೊಪ್ಪದ ವರ್ಕ್‌ಶಾಪಿನವರು ಅದನ್ನು ತಿದ್ದಿ, ಕಾಲುಗಳ ಬಾಗು ಬದಲಿಸಿ, ಸ್ಟೀಲಿನಲ್ಲಿ ಮಾದರಿ ಮಾಡಿಕೊಡುತ್ತಾರೆ. ಮೈಸೂರಿನಲ್ಲಿ ಓದುತ್ತಿರುವ ಅಣ್ಣನ ಮಗ ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಬಿಡಿಸುತ್ತಾನೆ. ಕೊನೆಗೆ ಮಾರಾಟಕ್ಕೆ ನಿಲ್ಲುವುದು ಅತ್ತಿಗೆ, ನಾದಿನಿ ಸೇರಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾಗಿ ಕಟ್ಟಿದ ಒಂದು ಎಲ್‌ಎಲ್‌ಪಿ. ವಿನ್ಯಾಸ ನೋಂದಣಿಗೆ ಅರ್ಜಿ ಹಾಕಬೇಕಾದವರು ಇವರಲ್ಲಿ ಯಾರು?

ವ್ಯಾಪಾರ ಮಾಡುವ ಸಂಸ್ಥೆಯ ಹೆಸರಿನಲ್ಲೇ ಅರ್ಜಿ ಹೋಗಬೇಕೆಂಬುದು ಎಲ್ಲರ ಇಷ್ಟ. ಅದಕ್ಕೆ ಅಡ್ಡಿಯಿಲ್ಲ. ಆದರೆ ಅರ್ಜಿಯ ದಿನಕ್ಕೆ ಮೊದಲೇ ಆ ಹಕ್ಕು ಸಂಸ್ಥೆಗೆ ಬಂದಿರಬೇಕು, ಬಂದದ್ದಕ್ಕೆ ಸಹಿ ಹಾಕಿದ ಕಾಗದ ಇರಬೇಕು. ಆ ಕಾಗದವನ್ನು ಹೇಗೆ ಸಿದ್ಧಪಡಿಸುವುದು, ಯಾರು ಯಾರು ಸಹಿ ಹಾಕಬೇಕು, ನಂತರ ಅರ್ಜಿ ಹೇಗೆ ತುಂಬಬೇಕು ಎಂಬುದನ್ನು ಒಂದೊಂದಾಗಿ ವಿವರಿಸುತ್ತೇನೆ. ಬರೆದುಕೊಡುವವರಿಗೆ, ಅಂದರೆ ಕೈಯಲ್ಲಿ ಕಲೆ ಇರುವವರಿಗೆ, ಅನ್ಯಾಯವಾಗದಂತೆ ಈ ಪತ್ರ ಬರೆಯಬಹುದು ಎಂಬುದು ನನ್ನ ದೃಢ ನಂಬಿಕೆ. ಅದನ್ನೂ ಜೊತೆಗೇ ಹೇಳುತ್ತೇನೆ.

ಮೊದಲ ಹೆಜ್ಜೆ: ಇದು ವಿನ್ಯಾಸವೇ ಎಂದು ಖಚಿತಪಡಿಸಿಕೊಳ್ಳಿ

ಅಮೆರಿಕದಲ್ಲಿ ವಸ್ತುವಿನ ಹೊರರೂಪಕ್ಕೆ ಸಿಗುವ ರಕ್ಷಣೆಯನ್ನು ಡಿಸೈನ್ ಪೇಟೆಂಟ್ ಎನ್ನುತ್ತಾರೆ. ನಮ್ಮಲ್ಲಿ ಅದು 2000ದ ವಿನ್ಯಾಸ ಕಾಯ್ದೆಯಡಿ ಆಗುವ ನೋಂದಣಿ. ಆಕಾರ, ಜೋಡಣೆ, ನಮೂನೆ, ಅಲಂಕಾರ, ಗೆರೆ ಅಥವಾ ಬಣ್ಣಗಳ ಸಂಯೋಜನೆ ಇವುಗಳಲ್ಲಿ ಕಣ್ಣಿಗೆ ಕಾಣುವುದಕ್ಕೆ ಮಾತ್ರ ಇಲ್ಲಿ ಬೆಲೆ. ತಯಾರಿಕೆಯ ವಿಧಾನಕ್ಕೂ ಕೇವಲ ಯಾಂತ್ರಿಕವಾದ ಸಾಧನಕ್ಕೂ ಕಾಯ್ದೆಯ 2(ಡಿ) ಕಲಮು ಜಾಗ ಕೊಡುವುದಿಲ್ಲ. ನಮ್ಮ ಒರಳಿನ ಕಾಲುಗಳ ಬಾಗು ವಿನ್ಯಾಸ. ಹಿಟ್ಟನ್ನು ಕಡಿಮೆ ಬಲದಲ್ಲಿ ಒತ್ತುವ ಹೊಸ ತಿರುಪಿನ ತಂತ್ರ ವಿನ್ಯಾಸವಲ್ಲ; ಅದು 1970ರ ಪೇಟೆಂಟ್ ಕಾಯ್ದೆಯ ವಿಷಯ, ಅದಕ್ಕೆ ಬೇರೆ ಅರ್ಜಿ, ಬೇರೆ ವರ್ಗಾವಣೆ ಪತ್ರ. ಒಂದೇ ವಸ್ತುವಿನಲ್ಲಿ ಎರಡೂ ಇದ್ದರೆ ಎರಡನ್ನೂ ಹೆಸರಿಸಿ ಬರೆಸಿ.

ಕೊಡವರ ಆಯುಧಗಳಾದ ಪೀಚೆಕತ್ತಿಯ, ಒಡಿಕತ್ತಿಯ ಸಾಂಪ್ರದಾಯಿಕ ರೂಪವನ್ನು ಯಾರೂ ತಮ್ಮ ಹೆಸರಿಗೆ ಮಾಡಿಕೊಳ್ಳಲಾಗದು. ತಲೆಮಾರುಗಳಿಂದ ಎಲ್ಲರೂ ಕಂಡಿರುವ ರೂಪ ಹೊಸದಲ್ಲ, 4ನೇ ಕಲಮು ಅದನ್ನು ತಡೆಯುತ್ತದೆ. ಆ ರೂಪವನ್ನು ಆಧರಿಸಿ ಎದ್ದು ಕಾಣುವಷ್ಟು ಬೇರೆಯಾದ ಕಾಗದ ಕತ್ತರಿಸುವ ಚೂರಿ ಮಾಡಿದ್ದರೆ, ಆ ಹೊಸ ಭಾಗದ ಬಗ್ಗೆ ಮಾತಾಡಬಹುದು. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆಯೂ (ಜಿಐ ಟ್ಯಾಗ್) ಬೇರೆಯದೇ ಹಕ್ಕು. ಕಾಫಿ ತುಂಬುವ ಡಬ್ಬಿಯ ಆಕಾರಕ್ಕೆ ಅದರಿಂದ ರಕ್ಷಣೆ ಬರುವುದಿಲ್ಲ.

ಎರಡನೆಯ ಹೆಜ್ಜೆ: ಈಗ ಮಾಲೀಕರು ಯಾರು?

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಕಾಯ್ದೆಯ 2(ಜೆ) ಕಲಮು ಮೂರು ದಾರಿಗಳನ್ನು ಹೇಳುತ್ತದೆ. ಒಬ್ಬರು ತಕ್ಕ ಪ್ರತಿಫಲ ಪಡೆದು ಇನ್ನೊಬ್ಬರಿಗಾಗಿ ವಿನ್ಯಾಸ ಮಾಡಿಕೊಟ್ಟರೆ, ಮಾಡಿಸಿಕೊಂಡವರೇ ಮಾಲೀಕರು. ಯಾರಾದರೂ ವಿನ್ಯಾಸವನ್ನು ಅಥವಾ ಅದನ್ನು ವಸ್ತುವಿಗೆ ಅಳವಡಿಸುವ ಹಕ್ಕನ್ನು ಪಡೆದುಕೊಂಡರೆ, ಪಡೆದಷ್ಟರ ಮಟ್ಟಿಗೆ ಅವರು ಮಾಲೀಕರು. ಇವೆರಡೂ ಇಲ್ಲದಿದ್ದರೆ ರಚಿಸಿದವರೇ ಮಾಲೀಕರು. ನಮ್ಮ ವರ್ಗಾವಣೆ ಪತ್ರ ನಿಲ್ಲುವುದು ಎರಡನೆಯ ದಾರಿಯ ಮೇಲೆ. ನೋಂದಣಿಗೆ ಮೊದಲೇ ಹಕ್ಕು ಕೈ ಬದಲಿಸಬಹುದು ಎಂಬುದಕ್ಕೆ ಕಾಯ್ದೆಯಲ್ಲೇ ಇರುವ ಆಧಾರ ಅದು.

ಒರಳಿನ ಉದಾಹರಣೆಯನ್ನೇ ನೋಡೋಣ. ಗೃಹಿಣಿ ಗೀಚಿದ ಚಿತ್ರ ಅವರದು. ವರ್ಕ್‌ಶಾಪಿನವರು ಮಾದರಿಗೆ ಬಿಲ್ಲು ಕೊಟ್ಟು ಹಣ ಪಡೆದಿದ್ದಾರೆ. ಆದರೆ ಬಿಲ್ಲಿನಲ್ಲಿ ‘ಸ್ಟೀಲ್, ವೆಲ್ಡಿಂಗ್, ಪಾಲಿಶ್’ ಎಂದಷ್ಟೇ ಇದ್ದರೆ, ಕಾಲಿನ ಬಾಗು ಬದಲಿಸಿದ ರಚನೆಗೂ ಆ ಹಣ ಸಂದಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಅಣ್ಣನ ಮಗ ಪ್ರೀತಿಯಿಂದ ಮಾಡಿಕೊಟ್ಟ, ಹಣ ಪಡೆಯಲಿಲ್ಲ. ಅವನು ರೂಪಕ್ಕೆ ಹೊಸದೇನನ್ನಾದರೂ ಸೇರಿಸಿದ್ದರೆ ಆ ಭಾಗ ಅವನಲ್ಲೇ ಉಳಿದಿದೆ. ಮೂವರೂ ಸಹಿ ಹಾಕದೆ ಎಲ್‌ಎಲ್‌ಪಿಗೆ ಪೂರ್ಣ ಹಕ್ಕು ಬರುವುದಿಲ್ಲ.

ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ಕತೆಯನ್ನು ಬರೆದಿಡಿ: ಮೊದಲ ಚಿತ್ರ ಯಾರು, ಎಂದು ಬಿಡಿಸಿದರು, ಯಾರು ಏನು ತಿದ್ದಿದರು, ಯಾರಿಗೆ ಎಷ್ಟು ಸಂದಾಯವಾಯಿತು, ಹಳೆಯ ಚಿತ್ರಗಳು ಎಲ್ಲಿವೆ. ಚಿತ್ರಗಳ ಫೋಟೊ, ಕಂಪ್ಯೂಟರಿನ ಮೂಲ ಕಡತ, ಬಿಲ್ಲು, ಬ್ಯಾಂಕ್ ಸಂದಾಯದ ವಿವರ ಎಲ್ಲವನ್ನೂ ಒಂದೇ ಕಡೆ ಸೇರಿಸಿ. ಮುಂದೆ ಯಾರಾದರೂ ತಕರಾರು ತೆಗೆದರೆ ನಿಮ್ಮ ಪರವಾಗಿ ಮಾತಾಡುವುದು ಈ ಕಡತವೇ.

ಸಂಸ್ಥೆಯ ಸಂಬಳದ ನೌಕರ ರಚಿಸಿದ್ದರೆ? ಸಂಬಳವೇ ಪ್ರತಿಫಲ ಎಂದು ವಾದಿಸಬಹುದು, ಆ ವಾದಕ್ಕೆ ಬಲವೂ ಇದೆ. ಆದರೂ ಎಸ್ಟೇಟಿನ ರೈಟರ್ (ಲೆಕ್ಕ, ಮೇಲ್ವಿಚಾರಣೆ ನೋಡುವವರು) ಆಗಿ ನೇಮಕವಾದವರು ಬಿಡುವಿನಲ್ಲಿ ಏಲಕ್ಕಿ ಡಬ್ಬಿಯ ರೂಪ ಬಿಡಿಸಿದ್ದರೆ, ಅದು ಅವರ ಕೆಲಸದ ಭಾಗವಾಗಿರಲಿಲ್ಲ. ಅಂಥವರಿಂದ ಪತ್ರ ಬರೆಸಿಕೊಳ್ಳಬೇಕು, ಅದಕ್ಕೆ ಪ್ರತ್ಯೇಕವಾಗಿ ಹಣ ಕೊಡಬೇಕು. ಅದು ಕಾನೂನಿಗೂ ಸರಿ, ನ್ಯಾಯಕ್ಕೂ ಸರಿ.

ವಿದ್ಯಾರ್ಥಿ ಕಾಲೇಜಿನ ಪ್ರಾಜೆಕ್ಟ್ ಎಂದು ಮಾಡಿದ್ದರೆ ಕಾಲೇಜಿನ ಬೌದ್ಧಿಕ ಆಸ್ತಿ ನೀತಿಯನ್ನು ಕೇಳಿ ತಿಳಿದುಕೊಳ್ಳಿ. ಕಾಲೇಜಿಗೆ ಪಾಲಿದ್ದರೆ ಅದರ ಲಿಖಿತ ಒಪ್ಪಿಗೆಯೂ ಬೇಕು. ಹದಿನೆಂಟು ತುಂಬದವರು ಕರಾರಿಗೆ ಸಹಿ ಹಾಕಿದರೆ ಅದು ನಿಲ್ಲುವುದಿಲ್ಲ, ಆಗ ವಕೀಲರನ್ನು ಕಾಣದೆ ಮುಂದುವರಿಯಬೇಡಿ.

ಒಕ್ಕದ, ಅಂದರೆ ಕೊಡವರ ಮನೆತನದ, ವಿಚಾರವನ್ನೂ ಸ್ಪಷ್ಟವಾಗಿ ಹೇಳಬೇಕು. ಒಕ್ಕದವರೊಬ್ಬರು ರಚಿಸಿದ್ದು ತಾನಾಗಿಯೇ ಒಕ್ಕದ ಆಸ್ತಿಯಾಗುವುದಿಲ್ಲ, ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರಿಗೂ ಬರುವುದಿಲ್ಲ. ಕಾಯ್ದೆ ನೋಡುವುದು ರಚಿಸಿದ ವ್ಯಕ್ತಿಯನ್ನು. ಒಕ್ಕದ ಎಲ್ಲರಿಗೂ ಪಾಲು ಇರಲಿ ಎಂಬ ಆಸೆ ಇದ್ದರೆ ಕಂಪನಿಯನ್ನೋ ಟ್ರಸ್ಟನ್ನೋ ಮಾಡಿಕೊಂಡು ಅದಕ್ಕೆ ವರ್ಗಾಯಿಸುವುದು ಸರಿಯಾದ ದಾರಿ.

ರಚಿಸಿದವರು ತೀರಿಕೊಂಡಿದ್ದರೆ ಹಕ್ಕು ವಾರಸುದಾರರಿಗೆ ಹೋಗಿರುತ್ತದೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಯಿಲು ಇದ್ದರೆ ಅದರ ಪ್ರತಿ ತೆಗೆದುಕೊಳ್ಳಿ. ಉಯಿಲಿಲ್ಲದಿದ್ದರೆ ಹಕ್ಕುಳ್ಳ ವಾರಸುದಾರರೆಲ್ಲರ ಸಹಿ ಬೇಕು. ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಸಹಿ ಮಾಡಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಹಾಗೆ ಮಾಡಬೇಡಿ, ಪತ್ರದ ಬುಡವೇ ಅಲ್ಲಾಡುತ್ತದೆ.

ಮೂರನೆಯ ಹೆಜ್ಜೆ: ಪಡೆಯುವವರು ಹಕ್ಕು ಹೊಂದಬಲ್ಲವರೇ?

ಅಂಗಡಿಯ ಹೆಸರು ಕಾನೂನಿನ ಕಣ್ಣಿಗೆ ವ್ಯಕ್ತಿಯಲ್ಲ. ಒಬ್ಬರೇ ನಡೆಸುವ ಉದ್ಯಮವಾದರೆ ಆ ವ್ಯಕ್ತಿಯ ಹೆಸರಿಗೇ ಬರೆಸಬೇಕು, ‘ಇಂಥ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿರುವ’ ಎಂದು ಸೇರಿಸಬೇಕು. ಎಲ್‌ಎಲ್‌ಪಿ, ಖಾಸಗಿ ಕಂಪನಿ, ರೈತ ಉತ್ಪಾದಕ ಕಂಪನಿ, ನೋಂದಾಯಿತ ಸಹಕಾರ ಸಂಘ ಇವುಗಳ ಹೆಸರಿಗೆ ನೇರವಾಗಿ ಬರೆಸಬಹುದು. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರೆಲ್ಲರ ಹೆಸರು ಪತ್ರದಲ್ಲಿರಲಿ. ನೋಂದಣಿಯಾಗದ ಸ್ವಸಹಾಯ ಗುಂಪಿಗೆ ತನ್ನದೇ ಆದ ಕಾನೂನು ಅಸ್ತಿತ್ವ ಇಲ್ಲ. ಸದಸ್ಯೆಯರೆಲ್ಲರ ಹೆಸರಿಗೆ ಜಂಟಿಯಾಗಿ ಬರೆಸುವುದೋ, ಮೊದಲು ಒಂದು ಸಂಸ್ಥೆ ಕಟ್ಟುವುದೋ ನಿರ್ಧರಿಸಿ.

ಕಂಪನಿ ಇನ್ನೂ ನೋಂದಣಿಯಾಗಿಲ್ಲವೇ? ಇಲ್ಲದ ಕಂಪನಿಯ ಹೆಸರಿಗೆ ಪತ್ರ ಮಾಡಬೇಡಿ. ಅದು ಹುಟ್ಟಿದ ಮೇಲೆ ಬರೆಸಿ. ಕಾಯಲು ಆಗದಷ್ಟು ಅವಸರವಿದ್ದರೆ ರಚಿಸಿದವರ ಹೆಸರಿನಲ್ಲೇ ಅರ್ಜಿ ಹಾಕಿ, ನೋಂದಣಿಯಾದ ಮೇಲೆ ವರ್ಗಾಯಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಗುಟ್ಟು ಬಿಡಬೇಡಿ

ಅರ್ಜಿಯ ದಿನಕ್ಕೆ ಮೊದಲು ವಿನ್ಯಾಸ ಭಾರತದಲ್ಲಾಗಲಿ ಬೇರೆ ದೇಶದಲ್ಲಾಗಲಿ ಜನರ ಮುಂದೆ ಬಂದಿದ್ದರೆ ನೋಂದಣಿಗೆ ಅದು ಅನರ್ಹ. ಮಡಿಕೇರಿ ದಸರೆಯ ಮಳಿಗೆಯಲ್ಲಿ ಇಟ್ಟದ್ದು, ಸಂತೆಯಲ್ಲಿ ಮಾರಿದ್ದು, ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಒಂದು ಚಿತ್ರ, ಹೋಂಸ್ಟೇ ಅಡುಗೆಮನೆಯಲ್ಲಿ ಅತಿಥಿಗಳ ಎದುರು ಬಳಸಿದ್ದು ಇವೆಲ್ಲ ಅಪಾಯವೇ. ‘ಮೊದಲು ಮಾರಿ ನೋಡೋಣ, ಓಡಿದರೆ ನೋಂದಾಯಿಸೋಣ’ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ವಿಶ್ವಾಸದಿಂದ ತೋರಿಸಿದ್ದಕ್ಕೆ 16ನೇ ಕಲಮಿನ ರಕ್ಷಣೆ ಇದೆ: ನೋಡಿದವರು ಅದನ್ನು ಬಳಸುವುದು ಅಥವಾ ಹೊರಗೆ ಬಿಡುವುದು ನಂಬಿಕೆದ್ರೋಹವಾಗುವಂಥ ಸನ್ನಿವೇಶದಲ್ಲಿ ತೋರಿಸಿದ್ದರೆ, ಅವರು ಹಾಗೆ ಬಿಟ್ಟರೂ ಅದನ್ನು ಪ್ರಕಟಣೆ ಎಂದು ಎಣಿಸುವುದಿಲ್ಲ. ಆದರೆ ಆ ಸನ್ನಿವೇಶವನ್ನು ನೀವು ಸಾಬೀತುಪಡಿಸಬೇಕು. ಆದ್ದರಿಂದ ವರ್ಕ್‌ಶಾಪಿಗೆ ಚಿತ್ರ ಕಳಿಸುವ ಮೊದಲೇ ಒಂದು ಪುಟದ ಗೋಪ್ಯತಾ ಕರಾರಿಗೆ ಸಹಿ ಪಡೆಯಿರಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಲೇಬೇಕಾದರೆ ‘ಇದು ಗೋಪ್ಯ, ನೋಂದಣಿಗೆ ಮುನ್ನ ಯಾರಿಗೂ ತೋರಿಸಬಾರದು’ ಎಂಬ ಸಾಲು ಜೊತೆಗಿರಲಿ, ಕುಟುಂಬದ ಗ್ರೂಪಿಗೆ ಹಾಕಬೇಡಿ. ವಸ್ತುಪ್ರದರ್ಶನಕ್ಕೆ 21ನೇ ಕಲಮಿನಲ್ಲಿ ವಿನಾಯಿತಿ ಇದೆಯಾದರೂ ಅದು ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ಮೊದಲೇ ವಿನ್ಯಾಸ ನೋಂದಣಿಯ ಅಧಿಕಾರಿಯಾದ ನಿಯಂತ್ರಕರಿಗೆ ನೋಟಿಸ್ ಕೊಟ್ಟಿರಬೇಕು, ಪ್ರದರ್ಶಿಸಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಊರಿನ ಮೇಳಗಳನ್ನು ಇದರಡಿ ತರುವ ಆಸೆ ಇಟ್ಟುಕೊಳ್ಳಬೇಡಿ.

ಐದನೆಯ ಹೆಜ್ಜೆ: ಪತ್ರ ಬರೆಯುವುದು

ಅಂತರ್ಜಾಲದಲ್ಲಿ ಸಿಗುವ ನಮೂನೆಗಳನ್ನು ಹಾಗೇ ನಕಲು ಮಾಡುವುದು ಬೇಡ. ಅವುಗಳಲ್ಲಿ ಬಹುಪಾಲು ಬೇರೆ ದೇಶದ ಕಾನೂನಿಗೆ ಬರೆದವು. ನಿಮ್ಮ ಪತ್ರದಲ್ಲಿ ಮೊದಲು ಬರೆದುಕೊಡುವವರ ಮತ್ತು ಬರೆಸಿಕೊಳ್ಳುವವರ ಪೂರ್ಣ ಹೆಸರು, ವಯಸ್ಸು, ವಿಳಾಸ ಬರಲಿ. ಬಳಿಕ ವಿನ್ಯಾಸ ಹುಟ್ಟಿದ ಬಗೆ ನಾಲ್ಕೈದು ಸಾಲಿನಲ್ಲಿ ಬರಲಿ. ಎರಡನೆಯ ಹೆಜ್ಜೆಯ ಹಾಳೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ವಿನ್ಯಾಸವನ್ನು ಹೆಸರಿನಿಂದ ಮಾತ್ರ ಗುರುತಿಸಿದರೆ ಸಾಲದು. ಅರ್ಜಿ ಸಂಖ್ಯೆ ಇನ್ನೂ ಹುಟ್ಟಿಲ್ಲವಲ್ಲ, ಹಾಗಾಗಿ ಚಿತ್ರಗಳೇ ಗುರುತು. ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ ಹಾಗೂ ಓರೆಯಿಂದ ಕಾಣುವ ನೋಟಗಳನ್ನು ಅನುಬಂಧವಾಗಿ ಸೇರಿಸಿ, ಪ್ರತಿ ಹಾಳೆಗೂ ಎರಡೂ ಕಡೆಯವರು ಸಹಿ ಮಾಡಲಿ. ನಾಳೆ ಅರ್ಜಿಯ ಜೊತೆ ಹೋಗುವ ಚಿತ್ರಗಳು ಇವೇ ಆಗಿರಬೇಕು. ಪತ್ರವಾದ ಮೇಲೆ ರೂಪ ಬದಲಾದರೆ ಹೊಸ ಚಿತ್ರಗಳಿಗೆ ಪೂರಕ ಪತ್ರ ಮಾಡಿ.

ಪತ್ರದ ಜೀವ ಇರುವುದು ವರ್ಗಾವಣೆಯ ವಾಕ್ಯದಲ್ಲಿ. ‘ಮುಂದೆ ವರ್ಗಾಯಿಸಲು ಒಪ್ಪಿರುತ್ತೇನೆ’ ಎಂದು ಬರೆದರೆ ಅದು ಭರವಸೆ ಮಾತ್ರ, ಹಕ್ಕು ಇನ್ನೂ ರಚಿಸಿದವರ ಬಳಿಯೇ ಇರುತ್ತದೆ. ಈ ಧಾಟಿಯಲ್ಲಿ ಬರೆಯಿರಿ:

‘ಅನುಬಂಧದಲ್ಲಿ ತೋರಿಸಿರುವ ನೂಪುಟ್ಟು ಒರಳಿನ ವಿನ್ಯಾಸದಲ್ಲಿ, ಅದರ ರೂಪಾಂತರಗಳಲ್ಲಿ ಹಾಗೂ ಅದರ ರೇಖಾಚಿತ್ರಗಳಲ್ಲಿ ನನಗಿರುವ ಸಮಸ್ತ ಹಕ್ಕು ಮತ್ತು ಸ್ವಾಮ್ಯವನ್ನು, ಭಾರತದಲ್ಲಿ ಹಾಗೂ ಬೇರೆ ಯಾವುದೇ ದೇಶದಲ್ಲಿ ಸ್ವಂತ ಹೆಸರಿನಿಂದ ನೋಂದಣಿಗೆ ಅರ್ಜಿ ಸಲ್ಲಿಸುವ ಮತ್ತು ಆದ್ಯತಾ ದಿನಾಂಕ ಕೋರುವ ಹಕ್ಕಿನ ಸಹಿತ, ಈ ಪತ್ರದ ಮೂಲಕ ಇಂದಿನಿಂದಲೇ ಬರೆಸಿಕೊಂಡವರಿಗೆ ಕಾಯಂ ಆಗಿ ವರ್ಗಾಯಿಸಿಕೊಟ್ಟಿದ್ದೇನೆ.’

ರೇಖಾಚಿತ್ರಗಳ ಮಾತು ಏಕೆ ಬಂತೆಂದರೆ, ಚಿತ್ರಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಬೇರೆ ಹಕ್ಕಿದೆ. ಅದರ ವರ್ಗಾವಣೆ ಲಿಖಿತವಾಗಿಯೇ ಇರಬೇಕು, ಸಹಿ ಇರಬೇಕು. ಆ ಕಾಯ್ದೆಯ 19ನೇ ಕಲಮಿನ ಪ್ರಕಾರ ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಎಂದೂ ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಅರ್ಥ. ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ವರ್ಗಾವಣೆಯೇ ಬಿದ್ದುಹೋಗುತ್ತದೆ. ಈ ಮೂರನ್ನೂ ಪತ್ರದಲ್ಲಿ ಸ್ಪಷ್ಟಪಡಿಸಿ. ಇನ್ನೊಂದು ವಿಷಯ: ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಅದರಂತೆ 50ಕ್ಕಿಂತ ಹೆಚ್ಚು ವಸ್ತುಗಳನ್ನು ಕೈಗಾರಿಕಾ ವಿಧಾನದಲ್ಲಿ ತಯಾರಿಸಿದರೆ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯವೂ ಅದೇ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನಿಂದ ಕೊನೆಗೊಳ್ಳುತ್ತದೆ. ‘ನನ್ನ ಚಿತ್ರಕ್ಕೆ ಕಾಪಿರೈಟ್ ಇದೆಯಲ್ಲ’ ಎಂದು ಸುಮ್ಮನಿರುವವರು ಇದನ್ನು ಗಮನಿಸಬೇಕು.

ಕಂಪ್ಯೂಟರ್ ಕಡತ, ಮಾದರಿ, ಅಚ್ಚುಗಳು ಯಾರ ವಶಕ್ಕೆ ಬರುತ್ತವೆ ಎಂಬುದನ್ನೂ ಬರೆಯಿರಿ. ಇದು ತನ್ನ ಸ್ವಂತ ರಚನೆ, ಬೇರೆ ಯಾರಿಗೂ ಕೊಟ್ಟಿಲ್ಲ, ಎಲ್ಲಿಯೂ ಪ್ರಕಟಿಸಿಲ್ಲ ಎಂಬ ಭರವಸೆ, ನೋಂದಣಿಗೆ ಬೇಕಾದ ಮುಂದಿನ ಕಾಗದಗಳಿಗೂ ಸಹಿ ಮಾಡಿಕೊಡುತ್ತೇನೆ ಎಂಬ ಮಾತು ಬರೆದುಕೊಡುವವರಿಂದ ಬರಲಿ.

ಈಗ ಬರೆದುಕೊಡುವವರ ಪರವಾಗಿ. ಕಾರುಣ್ಯದ ಭಾವದಿಂದ ಒಂದು ಸಾವಿರ ರೂಪಾಯಿ ಕೈಗಿಟ್ಟು ಇಡೀ ಹಕ್ಕನ್ನು ಬರೆಸಿಕೊಳ್ಳುವುದು ಸಣ್ಣ ಊರುಗಳಲ್ಲಿ ಸುಲಭ, ಏಕೆಂದರೆ ಎಲ್ಲರೂ ಪರಿಚಿತರು, ಕೇಳಲು ಸಂಕೋಚ. ವೆಲ್ಡಿಂಗ್ ಮಾಡುವ ಅಣ್ಣನಿಗೆ ತಾನು ಬಾಗಿಸಿದ ಕಾಲಿಗೆ ಕಾನೂನಿನ ಬೆಲೆ ಇದೆಯೆಂದೇ ಗೊತ್ತಿರುವುದಿಲ್ಲ. ಗೊತ್ತುಮಾಡಿಸುವುದು ಬರೆಸಿಕೊಳ್ಳುವವರ ಧರ್ಮ ಎಂದು ನಾನು ಭಾವಿಸುತ್ತೇನೆ. ಒಂದೇ ಬಾರಿ ಹಣ ಕೊಡುವುದಾದರೆ ಮೊತ್ತವನ್ನು, ಮಾರಾಟವಾದ ಪ್ರತಿ ಒರಳಿಗೆ ಇಷ್ಟು ಎಂದಾದರೆ ಲೆಕ್ಕ ತೋರಿಸುವ ದಿನಗಳನ್ನು ಬರೆಯಿರಿ. ‘ಇಷ್ಟು ತಿಂಗಳೊಳಗೆ ಅರ್ಜಿ ಹಾಕದಿದ್ದರೆ ಹಕ್ಕು ಬರೆದುಕೊಟ್ಟವರಿಗೆ ಮರಳುತ್ತದೆ’ ಎಂಬ ಷರತ್ತು ಇರಲಿ. ನಮ್ಮ ನೋಂದಣಿ ಅರ್ಜಿಯಲ್ಲಿ ಕೇಳುವುದು ಮಾಲೀಕರ ಹೆಸರನ್ನು. ಆದ್ದರಿಂದ ಡಬ್ಬಿಯ ಮೇಲೆ, ಪ್ರಚಾರ ಪತ್ರದಲ್ಲಿ ರಚಿಸಿದವರ ಹೆಸರು ಹಾಕುವ ಮಾತನ್ನು ಈ ಪತ್ರದಲ್ಲೇ ಸೇರಿಸಬೇಕು. ಕೈಗೆ ಹಣ ಬರುವಷ್ಟೇ ಸಂತೋಷ ಹಲವರಿಗೆ ಹೆಸರು ಬಂದಾಗಲೂ ಆಗುತ್ತದೆ.

ಬಂಧುಗಳ ನಡುವೆ ಹಣದ ಮಾತು ಬೇಡ ಎನ್ನುವವರು ಇದ್ದಾರೆ. 1872ರ ಕರಾರು ಕಾಯ್ದೆಯ 25ನೇ ಕಲಮಿನಂತೆ ಪ್ರತಿಫಲವಿಲ್ಲದ ಕರಾರು ಅಸಿಂಧು. ಹತ್ತಿರದ ಸಂಬಂಧಿಕರು ಪ್ರೀತಿ ವಾತ್ಸಲ್ಯದಿಂದ ಮಾಡಿಕೊಂಡದ್ದಕ್ಕೆ ವಿನಾಯಿತಿ ಸಿಗಬೇಕಾದರೆ ಅದು ಲಿಖಿತವಾಗಿದ್ದು ನೋಂದಣಿಯೂ ಆಗಿರಬೇಕು. ಅಣ್ಣನ ಮಗನಿಗೆ ಒಂದು ಮೊತ್ತವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ಪತ್ರದಲ್ಲಿ ಅದನ್ನು ಕಾಣಿಸುವುದು ಸರಳ.

ಇಬ್ಬರು ಜಂಟಿಯಾಗಿ ಹಕ್ಕು ಹೊಂದುವುದಾದರೆ, ಬೇರೆಯವರಿಗೆ ಲೈಸೆನ್ಸ್ ಕೊಡಲು ಇಬ್ಬರ ಒಪ್ಪಿಗೆಯೂ ಬೇಕೇ, ಲಾಭದ ಪಾಲು ಎಷ್ಟು, ಒಬ್ಬರು ಹೊರಬಂದರೆ ಏನು ಎಂಬುದನ್ನು ಈಗಲೇ ತೀರ್ಮಾನಿಸಿ. ಸ್ನೇಹ ಚೆನ್ನಾಗಿರುವಾಗಲೇ ಇಂಥ ಮಾತು ಸುಲಭವಾಗಿ ಮುಗಿಯುತ್ತದೆ.

ಆರನೆಯ ಹೆಜ್ಜೆ: ಸಹಿ, ಛಾಪಾ ಕಾಗದ, ದಿನಾಂಕ

ಪತ್ರವನ್ನು ಇ-ಸ್ಟಾಂಪ್ ಕಾಗದದ ಮೇಲೆ ಮಾಡಿ. ಪತ್ರದ ಸ್ವರೂಪ, ಮೊತ್ತ ನೋಡಿ ಸುಂಕ ಬದಲಾಗುತ್ತದೆ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ವಕೀಲರನ್ನು ಕೇಳಿ ನಿರ್ಧರಿಸಿ. ಸಾಕಷ್ಟು ಸುಂಕ ತೆರದ ದಾಖಲೆಯನ್ನು ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಮು ಸಾಕ್ಷ್ಯವಾಗಿ ಒಪ್ಪುವುದಿಲ್ಲ, ಆಮೇಲೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬೇಕಾಗುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ನೋಟರಿ ಮಾಡಿಸಿ. ಕಡ್ಡಾಯವಲ್ಲದಿದ್ದರೂ ಮುಂದೆ ‘ಆ ಸಹಿ ನನ್ನದಲ್ಲ’ ಎಂಬ ಮಾತಿಗೆ ಅವಕಾಶ ಕಡಿಮೆಯಾಗುತ್ತದೆ.

ಎಲ್‌ಎಲ್‌ಪಿ ಪರವಾಗಿ ನಿಯೋಜಿತ ಪಾಲುದಾರರು, ಕಂಪನಿಯಾದರೆ ಆಡಳಿತ ಮಂಡಳಿಯ ನಿರ್ಣಯದ ಮೇಲೆ ನಿರ್ದೇಶಕರು ಸಹಿ ಹಾಕಲಿ. ರಚಿಸಿದವರೇ ನಿರ್ದೇಶಕರೂ ಆಗಿದ್ದರೆ ಕಂಪನಿಯ ಪರವಾಗಿ ಇನ್ನೊಬ್ಬರ ಸಹಿ ಇರಬೇಕು. ಎರಡೂ ಕಡೆ ಒಂದೇ ಕೈಬರಹ ಇರುವ ಪತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲ.

ಪತ್ರ ಕನ್ನಡದಲ್ಲಿರಬಹುದು, ಬರೆದುಕೊಡುವವರಿಗೆ ಅರ್ಥವಾಗುವ ಭಾಷೆಯಲ್ಲಿರುವುದೇ ಒಳ್ಳೆಯದು. ವಿನ್ಯಾಸ ಕಚೇರಿಯ ವ್ಯವಹಾರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ನಡೆಯುವುದರಿಂದ ಇಂಗ್ಲಿಷ್ ಅನುವಾದವೂ ಜೊತೆಗಿರಲಿ.

ದಿನಾಂಕದ ವಿಷಯದಲ್ಲಿ ರಾಜಿ ಬೇಡ. ಅರ್ಜಿ ಹಾಕಿಯಾದ ಮೇಲೆ ನೆನಪಾಗಿ, ಹಿಂದಿನ ದಿನಾಂಕ ಹಾಕಿ ಪತ್ರ ಸೃಷ್ಟಿಸುವುದು ಸುಳ್ಳು ದಾಖಲೆ. ಇ-ಸ್ಟಾಂಪಿನ ದಿನಾಂಕವೇ ಅದನ್ನು ಬಯಲು ಮಾಡುತ್ತದೆ. ಅರ್ಜಿಗೆ ಮೊದಲೇ ಬಾಯಿಮಾತಿನ ಒಪ್ಪಂದ ನಿಜವಾಗಿ ಆಗಿದ್ದರೆ, ಇಂದಿನ ದಿನಾಂಕದಲ್ಲೇ, ಹಿಂದೆ ಆದ ಒಪ್ಪಂದವನ್ನು ವಿವರಿಸಿ ದೃಢೀಕರಣ ಪತ್ರ ಮಾಡಿ.

ಏಳನೆಯ ಹೆಜ್ಜೆ: ಅರ್ಜಿ

ಸಹಿ ಮುಗಿದ ಮೇಲೆ ಕಾಯಬೇಡಿ. ನಮೂನೆ 1ರಲ್ಲಿ ಅರ್ಜಿದಾರರ ಹೆಸರು, ವಿಳಾಸ ಪತ್ರದಲ್ಲಿರುವಂತೆಯೇ ಅಕ್ಷರಶಃ ಬರಲಿ. ಲೊಕಾರ್ನೊ ಎಂಬ ಅಂತರರಾಷ್ಟ್ರೀಯ ವರ್ಗೀಕರಣದಂತೆ ವಸ್ತುವಿನ ವರ್ಗ ಬರೆಯಬೇಕು. ಒಂಬತ್ತನೆಯ ವರ್ಗ ಡಬ್ಬಿ, ಬಾಟಲಿ, ಪೊಟ್ಟಣಗಳದ್ದು, ಜೇನಿನ ಬಾಟಲಿಗೆ ಅದೇ ಸರಿ. ಮನೆಬಳಕೆಯ ಸಾಮಾನುಗಳು ಏಳರಲ್ಲಿ, ಅಡುಗೆಯ ಯಂತ್ರಗಳು ಮೂವತ್ತೊಂದರಲ್ಲಿ. ಒರಳನ್ನು ಯಾವುದರಲ್ಲಿ ಇಡಬೇಕು ಎಂಬುದನ್ನು ವರ್ಗಗಳ ಪಟ್ಟಿ ನೋಡಿ ತೀರ್ಮಾನಿಸಿ. ಚಿತ್ರಗಳ ಜೊತೆ ಹೊಸತನ ಎಲ್ಲಿದೆ ಎಂಬ ಹೇಳಿಕೆ ಇರಬೇಕು.

ಅರ್ಜಿಯನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು. ಕಾಗದದಲ್ಲಿ ಕೊಡುವುದಾದರೆ ಚೆನ್ನೈ ಪೇಟೆಂಟ್ ಕಚೇರಿಯಲ್ಲಿ ಕೊಟ್ಟರೂ ಪರಿಶೀಲನೆ ನಡೆಯುವುದು ಕೋಲ್ಕತ್ತಾದ ವಿನ್ಯಾಸ ವಿಭಾಗದಲ್ಲಿ. 2021ರ ತಿದ್ದುಪಡಿಯ ನಂತರ ವ್ಯಕ್ತಿಗಳಿಗೆ, ಸ್ಟಾರ್ಟ್‌ಅಪ್‌ಗಳಿಗೆ, ಸಣ್ಣ ಉದ್ಯಮಗಳಿಗೆ ಅರ್ಜಿ ಶುಲ್ಕ 1,000 ರೂಪಾಯಿ, ಉಳಿದವರಿಗೆ 4,000. ಸಣ್ಣ ಉದ್ಯಮವೆಂದು ರಿಯಾಯಿತಿ ಕೇಳಲು ನಮೂನೆ 24ನ್ನು ದಾಖಲೆಯೊಂದಿಗೆ ಸೇರಿಸಬೇಕು. ಎಲ್‌ಎಲ್‌ಪಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ನೋಂದಣಿ) ಇಲ್ಲದಿದ್ದರೆ ಮೊದಲು ಮಾಡಿಸಿಕೊಳ್ಳಿ. ಏಜೆಂಟರ ಮೂಲಕ ಹೋದರೆ ನಮೂನೆ 21ರ ಅಧಿಕಾರ ಪತ್ರ ಅರ್ಜಿದಾರ ಸಂಸ್ಥೆಯಿಂದ ಬರಬೇಕು, ರಚಿಸಿದವರಿಂದಲ್ಲ.

ಅರ್ಜಿದಾರರು ತಾವೇ ಮಾಲೀಕರೆಂದು ಹೇಳಿಕೊಂಡರೆ ಸಾಕು ಎಂಬಂತೆ ವಿನ್ಯಾಸ ಕಾಯ್ದೆಯ 5ನೇ ಕಲಮು ಇರುವುದರಿಂದ ವರ್ಗಾವಣೆ ಪತ್ರದ ಅಗತ್ಯ ಅರ್ಜಿಯ ದಿನ ಕಾಣಿಸದಿರಬಹುದು. ಆದರೆ ಆ ಹೇಳಿಕೆ ನಿಜವಾಗುವುದು ಪತ್ರದಿಂದಲೇ. ಯಾರಾದರೂ 31ನೇ ಕಲಮಿನಡಿ ರಿಜಿಸ್ಟರ್ ತಿದ್ದಬೇಕೆಂದು ಅರ್ಜಿ ಹಾಕಿದಾಗ, ನಕಲು ಮಾಡಿದವರ ಮೇಲೆ ನೀವು ಜಿಲ್ಲಾ ನ್ಯಾಯಾಲಯಕ್ಕೆ ಹೋದಾಗ, ಮೊದಲು ಕೇಳುವ ಪ್ರಶ್ನೆ ‘ನಿಮಗೆ ಈ ಹಕ್ಕು ಹೇಗೆ ಬಂತು’ ಎಂಬುದೇ. ಮೂಲ ಪತ್ರವನ್ನು ಬ್ಯಾಂಕ್ ಲಾಕರಿನಲ್ಲೋ ಅಷ್ಟೇ ಭದ್ರವಾದ ಜಾಗದಲ್ಲೋ ಇಡಿ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ, ಸ್ಕ್ಯಾನ್ ಪ್ರತಿಯೂ ಇರಲಿ.

ಆಕ್ಷೇಪಣೆ ಬಂದರೆ ಅರ್ಜಿಯ ದಿನದಿಂದ 6 ತಿಂಗಳೊಳಗೆ ಎಲ್ಲವನ್ನೂ ಸರಿಪಡಿಸಬೇಕು. 3 ತಿಂಗಳವರೆಗೆ ವಿಸ್ತರಣೆ ಕೇಳಬಹುದು. ನೋಂದಣಿಯಾದರೆ ಅರ್ಜಿಯ ದಿನದಿಂದಲೇ ಜಾರಿ. ರಕ್ಷಣೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ವಿಸ್ತರಿಸಬಹುದು.

ಮೊದಲೇ ಮಾಡಲಾಗದಿದ್ದರೆ?

ರಚಿಸಿದವರ ಹೆಸರಿನಲ್ಲೇ ಅರ್ಜಿ ಹೋಗಿದ್ದರೆ ಹಕ್ಕೇನೂ ಹಾಳಾಗುವುದಿಲ್ಲ. ಆದರೆ ವರ್ಗಾವಣೆಯನ್ನು ರಿಜಿಸ್ಟರಿನಲ್ಲಿ ನಮೂದಿಸುವ, ವಿನ್ಯಾಸ ಕಾಯ್ದೆಯ 30ನೇ ಕಲಮು ಮಾತಾಡುವುದು ನೋಂದಣಿಯಾದ ವಿನ್ಯಾಸದ ಬಗ್ಗೆ. ನೋಂದಣಿಗೆ ಮೊದಲೇ ಲಿಖಿತ ವರ್ಗಾವಣೆಯಾದರೆ 8ನೇ ಕಲಮಿನಡಿ ಅರ್ಜಿಯನ್ನು ಪಡೆದವರ ಹೆಸರಿನಲ್ಲಿ ಮುಂದುವರಿಸಲು ಕೇಳಬಹುದು; ಇಲ್ಲವಾದರೆ ನೋಂದಣಿಯಾಗುವ ತನಕ ಕಾದು, ಎಲ್ಲ ಷರತ್ತುಗಳನ್ನೂ ಒಳಗೊಂಡ ಲಿಖಿತ ಪತ್ರ ಮಾಡಿ, ಸಹಿಯಾದ 6 ತಿಂಗಳೊಳಗೆ ಅದನ್ನು ನಮೂದಿಸಲು ಅರ್ಜಿ ಹಾಕಬೇಕು. ಒಟ್ಟು ಇನ್ನೂ 6 ತಿಂಗಳ ಮಿತಿಯಲ್ಲಿ ಕಾಲಾವಕಾಶ ಕೇಳಬಹುದು. ನಮೂದಾಗದ ಪತ್ರವನ್ನು ನ್ಯಾಯಾಲಯ ತಾನಾಗಿ ಅನುಮತಿಸದ ಹೊರತು ಸ್ವಾಮ್ಯದ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಎರಡು ಅರ್ಜಿ, ಎರಡು ಶುಲ್ಕ, ನಡುವೆ ಮನಸ್ಸು ಬದಲಾಗುವ ಅಪಾಯ. ಮೊದಲೇ ಮುಗಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹೊರದೇಶಕ್ಕೂ ಕಳಿಸುವ ಯೋಚನೆ ಇದ್ದರೆ

ಅಮೆರಿಕದಲ್ಲಿರುವ ಕೊಡಗಿನವರಿಗೆ ಒರಳು ಮಾರುವ ಯೋಜನೆ ಇದ್ದರೆ, ಭಾರತದ ಮೊದಲ ಅರ್ಜಿಯಿಂದ 6 ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಿದರೆ ಇಲ್ಲಿನ ದಿನಾಂಕದ ಆದ್ಯತೆ ಸಿಗುತ್ತದೆ, ಅಂದರೆ ಅಲ್ಲಿನ ಅರ್ಜಿಯನ್ನೂ ಇಲ್ಲಿನ ದಿನವೇ ಹಾಕಿದಂತೆ ಎಣಿಸುತ್ತಾರೆ. ಅದನ್ನು ಕೋರುವ ಹಕ್ಕು ಪತ್ರದಲ್ಲಿ ಬಂದಿರಬೇಕು. ಮೇಲಿನ ಮಾದರಿ ವಾಕ್ಯದಲ್ಲಿ ಅದನ್ನು ಸೇರಿಸಿದ್ದು ಇದೇ ಕಾರಣಕ್ಕೆ. ಅಲ್ಲಿ ಹಕ್ಕು ಪಡೆದ ಸಂಸ್ಥೆಯೇ ಅರ್ಜಿದಾರನಾಗಬಹುದಾದರೂ ರಚಿಸಿದವರೆಲ್ಲರ ಹೆಸರು ಕೊಡಲೇಬೇಕು, ಅವರ ಪ್ರಮಾಣ ಹೇಳಿಕೆಯೂ ಬೇಕು. ಅರ್ಜಿಗೆ ಮೊದಲೇ ಸಹಿಯಾಗುವ ಪತ್ರದಲ್ಲಿ ಶೀರ್ಷಿಕೆ, ರಚಿಸಿದವರ ಹೆಸರು, ಚಿತ್ರಗಳಿಂದ ವಿನ್ಯಾಸವನ್ನು ಗುರುತಿಸಿ, ಅರ್ಜಿ ಸಂಖ್ಯೆ ಬಂದ ಮೇಲೆ ಅದನ್ನು ತುಂಬಲು ವಕೀಲರಿಗೆ ಅಧಿಕಾರ ಕೊಡುವ ಸಾಲು ಸೇರಿಸುವುದು ರೂಢಿ.

ಅಮೆರಿಕದ ಕಾನೂನಿನಲ್ಲಿ ವರ್ಗಾವಣೆಯನ್ನು ಪೇಟೆಂಟ್ ಕಚೇರಿಯಲ್ಲಿ ದಾಖಲಿಸುವುದಕ್ಕೂ ತೂಕ ಇದೆ. ಸಹಿಯಾದ 3 ತಿಂಗಳೊಳಗೆ, ಅಥವಾ ಇನ್ನೊಬ್ಬರು ಅದೇ ಹಕ್ಕನ್ನು ಕೊಳ್ಳುವ ಮೊದಲು, ದಾಖಲಿಸದಿದ್ದರೆ, ಹಿಂದಿನ ವರ್ಗಾವಣೆಯ ಸುಳಿವಿಲ್ಲದೆ ಹಣ ಕೊಟ್ಟು ಕೊಂಡ ಆ ಇನ್ನೊಬ್ಬರ ಎದುರು ನಿಮ್ಮ ಪತ್ರ ನಿಲ್ಲುವುದಿಲ್ಲ. ಅರ್ಜಿ ಸಂಖ್ಯೆ ಸಿಕ್ಕ ಕೂಡಲೇ ಆ ದಾಖಲಾತಿಯನ್ನೂ ಅಲ್ಲಿನ ಏಜೆಂಟರಿಗೆ ವಹಿಸಿ, ದಾಖಲಾದ ಸೂಚನಾಪತ್ರವನ್ನು ತರಿಸಿಕೊಂಡು ಮೂಲ ಪತ್ರದ ಕಡತಕ್ಕೆ ಸೇರಿಸಿ.